ನಿಮ್ಮ ಕೈಗೊಂದು ಕೊಳಲು



ಬಸವನಗುಡಿಯ ಕಡಲೆಕಾಯಿ ಪರಿಷೆಗೋ ನಿಮ್ಮ ಊರಿನ ಜಾತ್ರೆಗೋ ಹೋದಾಗ ಕೊಳಲು ಮಾರುವವನನ್ನು ನೀವೆಲ್ಲ ನೋಡಿರುತ್ತೀರಿ. ಹೆಗಲ ಮೇಲೊಂದು ಕೋಲು. ಕೋಲಿನ ತುದಿಯಲ್ಲಿ ಮುಳ್ಳುಹಂದಿಯ ಮೈಯಂತೆ ಸುತ್ತಲೂ ಸಿಕ್ಕಿಸಿದ ಕೊಳಲುಗಳು. ಅಷ್ಟು ಗದ್ದಲದ ನಡುವೆಯೂ ಆತ ಒಂದು ಚಿತ್ರಗೀತೆಯನ್ನು ಊದುತ್ತಾ ಬರುತ್ತಾನೆ. ಎಷ್ಟು ಇಂಪು! ನೀವು ಹಣ ಕೊಡುತ್ತೀರಿ. ಆತ ಊದುತ್ತಿದ್ದ ಕೊಳಲೇ ಬೇಕೆಂದು ಹಟ ಹಿಡಿದು ಅದನ್ನೇ ಪಡೆಯುತ್ತೀರಿ. ಮನೆಗೆ ಬಂದು ಊದಿದರೆ ಬರಿಯ ಗಾಳಿ. ವಾರ ಕಳೆದ ಮೇಲೆ ನಾದವೇನೋ ಹೊರಡುತ್ತದೆ, ಹಾಡು ಹೊರಡುವುದಿಲ್ಲ. ಒಂದು ಸ್ವರ ಸರಿ ಎನ್ನಿಸಿದರೆ ಮತ್ತೊಂದು ಸೊಟ್ಟ. ತನಗೆ ಸಂಗೀತ ಒಲಿಯದು ಎಂದುಕೊಂಡು ಕೊಳಲನ್ನು ಅಟ್ಟಕ್ಕೆ ಎಸೆದವರೇ ಹೆಚ್ಚು.

ತಪ್ಪೆಲ್ಲ ಅವರದಲ್ಲ. ಜಾತ್ರೆಯ ಕೊಳಲುಗಳಲ್ಲಿ ಬಹಳಷ್ಟು ಉತ್ತರ ಪ್ರದೇಶದ ಪೀಲೀಭೀತ್ ಊರಿನ ಮನೆಗಳಲ್ಲಿ ರಾಶಿಗಟ್ಟಲೆ ತಯಾರಾಗಿ ಬರುತ್ತವೆ. ಅಲ್ಲಿ ಕಛೇರಿಗೆ ಯೋಗ್ಯವಾದ ಕೊಳಲುಗಳನ್ನು ಮಾಡುವ ಕುಶಲಿಗಳೂ ಇದ್ದಾರೆ. ಆದರೆ ಅಂಥವು ಜಾತ್ರೆಯ ಬೆಲೆಗೆ ಸಿಗಲಾರವು. ಕಡಿಮೆ ಬೆಲೆಗೆ ಕೊಡಬೇಕಾದರೆ ಬೇಗ ಬೇಗ ಮಾಡಬೇಕು. ಒಂದೇ ಗುರುತಿನ ಪ್ರಕಾರ ಎಲ್ಲ ಬಿದಿರಿಗೂ ತೂತು ಹಾಕಬೇಕು. ಬಿದಿರು ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಸ್ವರ ಅತ್ತಿತ್ತ ಸರಿಯುತ್ತದೆ. ಹಾಗಾದರೆ ಮಾರುವವನು ಊದಿದಾಗ ಅಷ್ಟು ಚೆನ್ನಾಗಿತ್ತಲ್ಲ? ಇಲ್ಲಿದೆ ಗುಟ್ಟು. ಊದುವ ತೂತನ್ನು ತುಟಿಯ ಕಡೆಗೆ ತುಸು ಹೊರಳಿಸಿದರೆ ಸ್ವರ ಇಳಿಯುತ್ತದೆ, ಹೊರಗೆ ಹೊರಳಿಸಿದರೆ ಏರುತ್ತದೆ. ವರ್ಷಗಟ್ಟಲೆ ಊದಿದವನ ತುಟಿ ತನಗೇ ಅರಿವಿಲ್ಲದಂತೆ ಪ್ರತಿ ಸ್ವರದಲ್ಲೂ ಈ ತಿದ್ದುಪಡಿಯನ್ನು ಮಾಡುತ್ತಿರುತ್ತದೆ. ಕೊಳಲಿನ ದೋಷವನ್ನು ಅವನ ತುಟಿ ಮುಚ್ಚಿಹಾಕುತ್ತದೆ.

ಹೊಸದಾಗಿ ಕಲಿಯುವ ನಿಮಗೆ ಅದು ಸಾಧ್ಯವಿಲ್ಲ. ಇನ್ನೂ ಹೆಚ್ಚಿನ ತೊಂದರೆಯೆಂದರೆ, ಅಂಥ ಕೊಳಲಿನ ಮೇಲೆ ಎರಡು ವರ್ಷ ಸಾಧನೆ ಮಾಡಿದರೆ ಕಿವಿ ಆ ಸೊಟ್ಟ ಸ್ವರಕ್ಕೇ ಒಗ್ಗಿಹೋಗುತ್ತದೆ. ಮುಂದೆ ಒಳ್ಳೆಯ ಕೊಳಲು ಕೈಗೆ ಬಂದಾಗ ಅದೇ ತಪ್ಪಾಗಿ ಕೇಳಿಸುತ್ತದೆ. ಹಾಳಾದ ಹಣವನ್ನು ಮತ್ತೆ ಸಂಪಾದಿಸಬಹುದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕಿವಿಗೆ ಕೂತದ್ದನ್ನು ಕೀಳುವುದು ಬಹಳ ಕಷ್ಟ. ಆದ್ದರಿಂದಲೇ ಇಂದು ನಾನು ಮಾತನಾಡಹೊರಟಿರುವುದು ಕೊಳಲನ್ನು ಕೊಳ್ಳುವುದರ ಬಗ್ಗೆ ಅಲ್ಲ, ಮಾಡಿಸಿಕೊಳ್ಳುವುದರ ಬಗ್ಗೆ.

ಪಿಟೀಲು ಅಥವಾ ವೀಣೆಯಲ್ಲಿ ತಂತಿ ಸಡಿಲವಾದರೆ ಬಿರಡೆ ತಿರುಗಿಸಬಹುದು. ಮೃದಂಗದ ಮುಚ್ಚಿಗೆಯನ್ನು ಕಲ್ಲಿನಿಂದ ತಟ್ಟಿ ಶ್ರುತಿ ಮಾಡಬಹುದು. ಕೊಳಲಿಗೆ ಬಿರಡೆಯೂ ಇಲ್ಲ, ತಂತಿಯೂ ಇಲ್ಲ. ಅದರ ಶ್ರುತಿ ಅದು ಹುಟ್ಟುವ ದಿನವೇ ನಿಶ್ಚಯವಾಗಿಬಿಡುತ್ತದೆ. ಅಂಗಿ ಹೊಲಿಸಿದರೆ ಆಮೇಲೆ ಅಲ್ಲಲ್ಲಿ ಬಿಚ್ಚಿ ಹಿಡಿಸಬಹುದು. ಬಿದಿರಿನಲ್ಲಿ ಸುಟ್ಟ ತೂತನ್ನು ಪಕ್ಕಕ್ಕೆ ಸರಿಸಲಾಗದು. ಕೊಳಲು ಮಾಡಿಸಲು ಹೋಗುವ ವಿದ್ಯಾರ್ಥಿ ಮೊದಲು ತನಗೇನು ಬೇಕು ಎಂಬುದನ್ನು ತಿಳಿದಿರಬೇಕು.

ಶ್ರುತಿ ಎಂದರೇನು, ಅದಕ್ಕೂ ಬಿದಿರಿನ ಉದ್ದಕ್ಕೂ ಏನು ಸಂಬಂಧ ಎಂಬುದನ್ನು ನಿಮ್ಮ ಭೌತಶಾಸ್ತ್ರದ ಪಾಠದಿಂದಲೇ ನೋಡೋಣ. ಎರಡೂ ಕಡೆ ತೆರೆದ ಕೊಳವೆಯಲ್ಲಿ ಗಾಳಿ ಕಂಪಿಸಿದಾಗ, ಕೊಳವೆಯ ಉದ್ದ ಆ ನಾದದ ಅಲೆಯ ಉದ್ದದ ಅರ್ಧದಷ್ಟಿರುತ್ತದೆ. ಕೊಳಲೂ ಇಂಥದೇ ಕೊಳವೆ. ಊದುವ ತೂತು ಒಂದು ತೆರೆದ ತುದಿ. ಬೆರಳು ಎತ್ತಿದ ಮೊದಲ ತೂತು ಹೆಚ್ಚುಕಡಿಮೆ ಇನ್ನೊಂದು ತುದಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರು. ಸೆಕೆಂಡಿಗೆ 440 ಕಂಪನಗಳ ಸ್ವರ ಬೇಕಾದರೆ 346ನ್ನು 880ರಿಂದ ಭಾಗಿಸಿ. 39 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಇದು ಲೆಕ್ಕದ ಉದ್ದ. ಆದರೆ ಕಂಪಿಸುವ ಗಾಳಿ ತೂತಿನ ಅಂಚಿನಲ್ಲೇ ನಿಲ್ಲದೆ ತುಸು ಹೊರಗೂ ಚಾಚಿಕೊಂಡಿರುತ್ತದೆ. ಆದ್ದರಿಂದ ನಿಜವಾದ ಕೊಳಲಿನಲ್ಲಿ ತೂತು ಇದಕ್ಕಿಂತ ಹತ್ತಿರದಲ್ಲಿರಬೇಕು. ಎಷ್ಟು ಹತ್ತಿರ? ಅದು ತೂತಿನ ಅಗಲ, ಬಿದಿರಿನ ದಪ್ಪ, ಒಳಗಿನ ಪೊಳ್ಳಿನ ವ್ಯಾಸ, ಊದುವವನ ತುಟಿ ಎಷ್ಟು ಭಾಗವನ್ನು ಮುಚ್ಚುತ್ತದೆ ಎಂಬುದು, ಇಷ್ಟನ್ನೂ ಅವಲಂಬಿಸಿದೆ. ಇಷ್ಟು ಉದ್ದದ ಕೊಳವೆಯಲ್ಲಿ ಅರ್ಧ ಸೆಂಟಿಮೀಟರು ಹೆಚ್ಚುಕಡಿಮೆಯಾದರೆ ಸ್ವರ, ಹಾರ್ಮೋನಿಯಮ್ಮಿನ ಒಂದು ಮನೆಗೂ ಅದರ ಪಕ್ಕದ ಕಪ್ಪು ಮನೆಗೂ ಇರುವ ಅಂತರದ ಸುಮಾರು ಐದನೆಯ ಒಂದು ಪಾಲಿನಷ್ಟು ಕದಲುತ್ತದೆ. ತಂಬೂರಿಯ ಎದುರಿಗೆ ಅಷ್ಟು ಸಾಕು, ಕಿವಿ ಚುಚ್ಚುತ್ತದೆ.

ಈಗ ಪೀಣ್ಯಕ್ಕೆ ಬನ್ನಿ. ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಕೆಲಸ ಕಲಿಯುತ್ತಿರುವ ಐ.ಟಿ.ಐ. ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ನಕ್ಷೆಯಲ್ಲಿ ಹೇಳಿದ ವ್ಯಾಸಕ್ಕೆ ಉಕ್ಕನ್ನು ಕಡೆಯುವುದು, ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವುದು, ಮತ್ತೆ ಅದೇ ಅಳತೆಯ ಇನ್ನೊಂದು ತುಂಡನ್ನು ತೆಗೆಯುವುದು ಅವನ ದಿನದ ಕೆಲಸ. ನೂರನೆಯ ತುಂಡು ಮೊದಲನೆಯದರಂತೆಯೇ ಇರಬೇಕು. ಇಲ್ಲವಾದರೆ ಅದು ತಿರಸ್ಕೃತ. ಬೆಂಗಳೂರಿನ ಹೊರವಲಯದ ಪೀಣ್ಯ, ಎಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡ್‌ಗಳು ಬದುಕಿರುವುದೇ ಈ ಒಂದು ಶಿಸ್ತಿನ ಮೇಲೆ. ಒಂದು ಕಡೆ ಲೋಹ, ಇನ್ನೊಂದು ಕಡೆ ಗಣಕದ ಆಜ್ಞೆಗಳು. ಒಮ್ಮೆ ಸರಿಯಾದದ್ದು ಸಾವಿರ ಸಲ ಹಾಗೆಯೇ ಸರಿಯಾಗಿರಬೇಕು ಎಂಬುದು ಎರಡಕ್ಕೂ ಸಮಾನ. ಆ ಹುಡುಗ ಸಂಜೆ ಕೊಳಲು ಕಲಿಯುತ್ತಾನೆ ಎಂದಿಟ್ಟುಕೊಳ್ಳಿ. ಗುರುಗಳ ಕೊಳಲನ್ನು ಕ್ಯಾಲಿಪರಿನಿಂದ ಅಳೆದು, ಅದೇ ದೂರಗಳಲ್ಲಿ ಇನ್ನೊಂದು ಬಿದಿರಿಗೆ ತೂತು ಹಾಕಿದರೆ ಆಯಿತಲ್ಲ ಎಂಬ ಯೋಚನೆ ಅವನಿಗೆ ಬರುವುದು ಸಹಜ. ಪ್ಲಾಸ್ಟಿಕ್ ಪೈಪಿನಲ್ಲಿ ಈ ಉಪಾಯ ಸಾಕಷ್ಟು ಮಟ್ಟಿಗೆ ನಡೆಯುತ್ತದೆ, ಏಕೆಂದರೆ ಒಂದೇ ಅಳತೆಯ ಪೈಪುಗಳ ಒಳವ್ಯಾಸ ಒಂದೇ. ಬಿದಿರಿನಲ್ಲಿ ನಡೆಯುವುದಿಲ್ಲ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಗೆಣ್ಣಿನಿಂದ ಗೆಣ್ಣಿಗೆ ಅದರ ಒಳಪೊಳ್ಳು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಅಡ್ಡ ಕತ್ತರಿಸಿ ನೋಡಿದರೆ ಪೂರ್ತಿ ದುಂಡಗೂ ಇರುವುದಿಲ್ಲ. ಒಂದೇ ಮೆಳೆಯ ಎರಡು ಗಳುಗಳು ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಒಳಗೆ ಬೇರೆ ಬೇರೆ. ಆದ್ದರಿಂದ ಕೊಳಲು ಮಾಡುವವರು ಅಳತೆಯಿಂದ ಕೆಲಸ ಆರಂಭಿಸುತ್ತಾರೆ, ಕಿವಿಯಿಂದ ಮುಗಿಸುತ್ತಾರೆ.

ಎಲ್ಲ ಬಿದಿರೂ ಕೊಳಲಿಗೆ ಆಗುವುದಿಲ್ಲ. ನಮ್ಮ ಕಾಡುಗಳ ಹೆಬ್ಬಿದಿರು ಏಣಿಗೆ, ಚಪ್ಪರಕ್ಕೆ ಒಳ್ಳೆಯದು. ಅದರ ಗೋಡೆ ಬಹಳ ದಪ್ಪ. ಕಿರುಬಿದಿರು ಹಲವೆಡೆ ಒಳಗೆ ಗಟ್ಟಿಯಾಗಿಯೇ ಇರುತ್ತದೆ, ಲಾಠಿಗೆ ಹೇಳಿ ಮಾಡಿಸಿದ್ದು. ಕೊಳಲಿಗೆ ಬೇಕಾದದ್ದು ಗೆಣ್ಣುಗಳ ನಡುವೆ ಉದ್ದವಾಗಿರುವ, ತೆಳುಗೋಡೆಯ ಬಿದಿರು. ಪಶ್ಚಿಮ ಘಟ್ಟಗಳಲ್ಲಿ ವಾಟೆ ಎಂದು ಕರೆಯುವ ತೆಳುಬಿದಿರು ಇದೆ. ಉದ್ದ ಬಾನ್ಸುರಿಗಳಿಗೆ ಹೆಚ್ಚಾಗಿ ಅಸ್ಸಾಮಿನಿಂದ, ಅದರಲ್ಲೂ ಸಿಲ್ಚರ್ ಕಡೆಯಿಂದ ಬಿದಿರು ಬರುತ್ತದೆ. ಮೇಲೆ ಹೇಳಿದ ಪೀಲೀಭೀತಿಗೂ ಬಿದಿರು ಬರುವುದು ಅಲ್ಲಿಂದಲೇ. ಬಲಿತ ಬಿದಿರನ್ನು ಕಡಿದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹಸಿ ಬಿದಿರಿನಲ್ಲಿ ಮಾಡಿದ ಕೊಳಲು ಒಣಗುತ್ತಾ ಹೋದಂತೆ ಕುಗ್ಗುತ್ತದೆ, ಸೀಳುತ್ತದೆ. ನೀವು ಹೇಳಿದ ಮರುದಿನವೇ ಕೊಳಲು ಸಿದ್ಧವಾಗದಿದ್ದರೆ ಬೇಸರಪಡಬೇಡಿ. ಒಣಗಿದ, ನಿಮ್ಮ ಶ್ರುತಿಗೆ ತಕ್ಕ ವ್ಯಾಸದ ಬಿದಿರು ಅವರ ಬಳಿ ಆ ದಿನ ಇರಲಿಕ್ಕಿಲ್ಲ.

ಇನ್ನು ತಯಾರಿಕೆ. ಬಿದಿರಿನ ಒಂದು ತುದಿ ಗೆಣ್ಣಿನಿಂದಲೇ ಮುಚ್ಚಿರುತ್ತದೆ, ಇಲ್ಲವಾದರೆ ಕಾರ್ಕಿನ ಬಿರಡೆಯನ್ನು ಒಳಗೆ ತಳ್ಳುತ್ತಾರೆ. ಈ ಬಿರಡೆಗೂ ಊದುವ ತೂತಿಗೂ ನಡುವೆ ಹೆಚ್ಚುಕಡಿಮೆ ಒಳವ್ಯಾಸದಷ್ಟು ಅಂತರವಿರಬೇಕು. ಇದು ತಪ್ಪಿದರೆ ಕೆಳಗಿನ ಸ್ಥಾಯಿಗೂ ಮೇಲಿನ ಸ್ಥಾಯಿಗೂ ಹೊಂದುವುದಿಲ್ಲ. ಆಮೇಲೆ ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ಊದುವ ತೂತನ್ನು ಸುಡುತ್ತಾರೆ. ಕೊರೆಯುವ ಯಂತ್ರ ಬಿದಿರಿನ ಎಳೆಯನ್ನು ಸೀಳಬಹುದು, ಕಾದ ಸಲಾಕೆ ಸೀಳದೆ ದಾರಿ ಮಾಡಿಕೊಳ್ಳುತ್ತದೆ. ಅಂಚನ್ನು ಸಣ್ಣ ಚಾಕುವಿನಿಂದ, ಉಪ್ಪುಕಾಗದದಿಂದ ತಿದ್ದುತ್ತಾರೆ. ಕೊಳಲಿನ ದನಿಯ ಮುಕ್ಕಾಲು ಪಾಲು ಈ ಅಂಚಿನಲ್ಲಿದೆ ಎಂದು ನನ್ನ ಎಣಿಕೆ. ನಂತರ ಕೆಳಗಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಆಧಾರ ಸ್ವರವನ್ನು ತರುತ್ತಾರೆ.

ಬೆರಳಿನ ತೂತುಗಳಲ್ಲಿ ನಿಜವಾದ ತಾಳ್ಮೆ ಬೇಕು. ತೂತನ್ನು ಅಗಲಿಸಿದರೆ ಸ್ವರ ಏರುತ್ತದೆ. ಏರಿದ ಸ್ವರವನ್ನು ಇಳಿಸಬೇಕಾದರೆ ತೂತಿನ ಅಂಚಿಗೆ ಮೇಣವನ್ನೋ ಅಂಟು ಬೆರೆಸಿದ ಬಿದಿರಿನ ಪುಡಿಯನ್ನೋ ತುಂಬಬೇಕು. ಅದು ತೇಪೆಯೇ ಹೊರತು ಕೆಲಸವಲ್ಲ. ಆದ್ದರಿಂದ ಮೊದಲು ಸಣ್ಣ ತೂತು. ಊದಿ ನೋಡುವುದು. ತುಸು ಅಗಲಿಸುವುದು. ಮತ್ತೆ ಊದುವುದು. ಒಂದು ತೂತನ್ನು ಬದಲಿಸಿದರೆ ಅದರ ನೆರೆಯ ತೂತುಗಳ ಸ್ವರವೂ ಅಲುಗುತ್ತದೆ, ಹಾಗಾಗಿ ಮತ್ತೆ ಹಿಂದಕ್ಕೆ ಹೋಗಬೇಕು. ಇದಲ್ಲದೆ ಊದೀ ಊದಿ ಬಿದಿರಿನ ಒಳಗಿನ ಗಾಳಿ ಬಿಸಿಯಾಗುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಆರು ಮೀಟರು ಹೆಚ್ಚುತ್ತದೆ. ಸ್ವರ, ಆಗ ಹೇಳಿದ ಬಿಳಿ ಕಪ್ಪು ಮನೆಗಳ ಅಂತರದ ಮೂರನೆಯ ಒಂದು ಪಾಲಿನಷ್ಟು ಏರಬಹುದು. ಡಿಸೆಂಬರಿನ ಬೆಳಗಿನಲ್ಲಿ ಸರಿಯಾಗಿದ್ದ ಕೊಳಲು ಏಪ್ರಿಲಿನ ಮಧ್ಯಾಹ್ನ ತಂಬೂರಿಗಿಂತ ಮೇಲೆ ನಿಲ್ಲುವುದು ಈ ಕಾರಣಕ್ಕೆ. ಅನುಭವಿ ತಯಾರಕರು ತೂತು ತೆಗೆದ ಕೂಡಲೇ ಶ್ರುತಿ ನೋಡುವುದಿಲ್ಲ. ಬಿದಿರು ತಣಿಯಲು ಬಿಡುತ್ತಾರೆ, ನಾಳೆ ಮತ್ತೆ ನೋಡುತ್ತಾರೆ.

ಮರದ ಕೊಳಲು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಬರೆದ ‘ಸಂಗೀತ ರತ್ನಾಕರ’ದಲ್ಲಿ ಬಿದಿರಿನ ಜೊತೆಗೆ ಕಗ್ಗಲಿ, ಶ್ರೀಗಂಧ, ರಕ್ತಚಂದನ, ದಂತ, ಲೋಹಗಳ ಕೊಳಲುಗಳನ್ನೂ ಹೆಸರಿಸಿದ್ದಾನೆ. ಅದಕ್ಕಿಂತ ಸ್ವಾರಸ್ಯವಾದದ್ದು ಆತ ಕೊಳಲುಗಳಿಗೆ ಕೊಟ್ಟ ಅಳತೆಯ ಹೆಸರುಗಳು. ಊದುವ ತೂತಿಗೂ ಮೊದಲ ಬೆರಳಿನ ತೂತಿಗೂ ಒಂದು ಅಂಗುಲ ಅಂತರವಿದ್ದರೆ ಏಕವೀರ, ಎರಡಾದರೆ ಉಮಾಪತಿ, ಮೂರಾದರೆ ತ್ರಿಪುರುಷ, ನಾಲ್ಕಕ್ಕೆ ಚತುರ್ಮುಖ, ಐದಕ್ಕೆ ಪಂಚವಕ್ತ್ರ, ಆರಕ್ಕೆ ಷಣ್ಮುಖ, ಏಳಕ್ಕೆ ಮುನಿ, ಎಂಟಕ್ಕೆ ವಸು. ಚಪ್ಪಲಿ ಅಂಗಡಿಯಲ್ಲಿ ಏಳನೆಯ ನಂಬರು, ಎಂಟನೆಯ ನಂಬರು ಎನ್ನುವಂತೆ ಏಳುನೂರು ವರ್ಷಗಳ ಹಿಂದೆಯೇ ಕೊಳಲಿಗೂ ನಂಬರು ಇತ್ತು, ಅದೂ ದೇವರ ಹೆಸರಿನಲ್ಲಿ! ಈ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ವ್ಯಾಖ್ಯಾನ ಬರೆದವನು ಕಲ್ಲಿನಾಥ.

ಯೂರೋಪಿನಲ್ಲೂ ಕೊಳಲು ಬಹುಕಾಲ ಮರದ್ದೇ ಆಗಿತ್ತು. ಮ್ಯೂನಿಕ್ ನಗರದ ಥಿಯೋಬಾಲ್ಡ್ ಬೋಮ್ ಎಂಬ ಅಕ್ಕಸಾಲಿ, ಸ್ವತಃ ಕೊಳಲುಗಾರ, 1847ರಲ್ಲಿ ಲೋಹದ ನೇರಕೊಳವೆಯ ಕೊಳಲನ್ನು ರೂಪಿಸಿದ. ನಾದಶಾಸ್ತ್ರ ಹೇಳಿದ ಜಾಗದಲ್ಲಿ, ಹೇಳಿದ ಅಗಲಕ್ಕೆ ಆತ ತೂತು ಮಾಡಿದ. ಅಲ್ಲಿಗೆ ಬೆರಳು ಎಟಕುವುದಿಲ್ಲವಲ್ಲ? ಮುಚ್ಚಲು ಲೋಹದ ಕೀಲಿಗಳನ್ನಿಟ್ಟ. ನಮ್ಮವರು ಕೀಲಿ ಇಡಲಿಲ್ಲ. ಬೆರಳನ್ನು ತೂತಿನ ಮೇಲೆ ಸವರಿ ಜಾರಿಸದೆ ನಮ್ಮ ಗಮಕ ಹುಟ್ಟುವುದಿಲ್ಲ. ಹೀಗಾಗಿ ನಮ್ಮ ಕೊಳಲು ನಾದದ ಲೆಕ್ಕಕ್ಕೂ ಒಪ್ಪಬೇಕು, ಮನುಷ್ಯನ ಕೈಗೂ ಒಪ್ಪಬೇಕು. ಇವೆರಡರ ನಡುವಣ ಒಪ್ಪಂದವನ್ನು ಕುದುರಿಸುವವನೇ ಕೊಳಲು ಮಾಡುವವನು.

ಬೀಟೆಯಂಥ ಮರವನ್ನು ಲೇತಿನಲ್ಲಿ ಕಡೆದು ಮಾಡಿದ ಕೊಳಲು ಬೇಕೆಂದರೆ ಒಂದು ಎಚ್ಚರಿಕೆ. ಬೀಟೆ, ಶ್ರೀಗಂಧಗಳು ನಮ್ಮ ರಾಜ್ಯದಲ್ಲಿ ಕಾನೂನಿನ ರಕ್ಷಣೆ ಇರುವ ಮರಗಳು. ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 2017ರಿಂದ ನಿಯಂತ್ರಣವಿದೆ. ತಯಾರಾದ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಮರ ಎಲ್ಲಿಂದ ಬಂತೆಂದು ಕೇಳಿ. ಮರದ ಕೊಳಲು ಭಾರ, ಬೆಲೆ ಹೆಚ್ಚು. ಕಲಿಯುವವರಿಗೆ ಬಿದಿರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ನೀವು ಯಾವ ಪದ್ಧತಿಯವರು? ಕರ್ನಾಟಕ ಸಂಗೀತದ ಕೊಳಲು ಸಾಮಾನ್ಯವಾಗಿ ಚಿಕ್ಕದು, ಊದುವ ತೂತನ್ನು ಬಿಟ್ಟು ಎಂಟು ತೂತುಗಳು. ಹಿಂದೂಸ್ತಾನಿ ಬಾನ್ಸುರಿಗೆ ಆರು ಅಥವಾ ಏಳು. ಕುಂಭಕೋಣದ ಶರಭಶಾಸ್ತ್ರಿಗಳು ಕೊಳಲನ್ನು ಕಛೇರಿಯ ವೇದಿಕೆಗೆ ತಂದರು. ಮಾಲಿ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926–1986) ಬೆರಳಿನ, ತುಟಿಯ ಹಿಡಿತವನ್ನೇ ಬದಲಿಸಿ ಗಾಯನದ ಗಮಕಗಳನ್ನು ಕೊಳಲಿಗೆ ತಂದರು. ಅವರು ಹಲವು ವರ್ಷ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು. ಉತ್ತರದಲ್ಲಿ ಪನ್ನಾಲಾಲ್ ಘೋಷ್ (1911–1960) ಮಂದ್ರಸ್ಥಾಯಿಗಾಗಿ 32 ಅಂಗುಲದಷ್ಟು ಉದ್ದದ ಬಾನ್ಸುರಿಯನ್ನು ಬಳಕೆಗೆ ತಂದು, ಏಳನೆಯ ತೂತನ್ನು ಸೇರಿಸಿದರು. ಅಂದರೆ ಹಿರಿಯ ಕಲಾವಿದರೂ ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ತೃಪ್ತರಾಗಲಿಲ್ಲ. ಬೇಕಾದದ್ದು ಏನೆಂದು ಅವರಿಗೆ ಗೊತ್ತಿತ್ತು.

ನೀವು ಹೊಸಬರು. ನಿಮಗೆ ಗೊತ್ತಿರಲಾರದು, ಗುರುಗಳಿಗೆ ಗೊತ್ತಿರುತ್ತದೆ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಆಗದಿದ್ದರೆ ಬೇಕಾದ ಶ್ರುತಿಯನ್ನು ಅವರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ‘ಐದು ಮನೆ’ ಎಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯ ಷಡ್ಜ. ‘ಐದೂವರೆ’ ಎಂದರೆ ಅದರ ಮುಂದಿನ ಕಪ್ಪು. ಬಾನ್ಸುರಿಯವರು ‘ಬಿಳಿ ಮೂರು’ ಎನ್ನುವ ಕೊಳಲು ಸುಮಾರು 30 ಅಂಗುಲ ಉದ್ದವಿರುತ್ತದೆ. ಕಛೇರಿಯಲ್ಲಿ ನೋಡಿ ಆಸೆಪಟ್ಟು ಹೈಸ್ಕೂಲಿನ ಹುಡುಗಿ ಅದನ್ನೇ ಮಾಡಿಸಿದರೆ, ತೂತಿನಿಂದ ತೂತಿಗೆ ಬೆರಳು ಚಾಚಿ ಚಾಚಿ ಮಣಿಕಟ್ಟು ನೋಯುತ್ತದೆ, ಬೆರಳು ತೂತನ್ನು ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ. ಕೈ ಬೆಳೆಯುವವರೆಗೆ ಚಿಕ್ಕ ಕೊಳಲೇ ಇರಲಿ. ದೊಡ್ಡದು ಎಲ್ಲಿಗೂ ಓಡಿಹೋಗುವುದಿಲ್ಲ.

ಬೇರೆ ಊರಿನಿಂದ ಅಂಚೆಯ ಮೂಲಕ ತರಿಸಿಕೊಳ್ಳುವವರೂ ಇದ್ದಾರೆ. ಆದರೆ ಮೊದಲ ಕೊಳಲಿಗಾದರೂ ನೀವೇ ಹೋಗುವುದು ಮೇಲು, ಏಕೆಂದರೆ ನಿಮ್ಮ ಕೈಯನ್ನು ಅವರು ನೋಡಬೇಕು. ಮೇಜಿನ ಮೇಲೆ ಅಂಗೈ ಹರಡಿ, ಬೆರಳುಗಳನ್ನು ನೋವಾಗದಂತೆ ಎಷ್ಟು ಅಗಲಿಸಬಲ್ಲಿರೋ ಅಷ್ಟು ಅಗಲಿಸಿ ತೋರಿಸಿ. ಬೆರಳ ತುದಿ ಸಣ್ಣಗಿದ್ದರೆ ತೂತು ತೀರ ಅಗಲವಾಗಿರಬಾರದು ಎಂದು ಹೇಳಿ. ಕೊಳಲನ್ನು ಬಲಕ್ಕೆ ಹಿಡಿಯುತ್ತೀರೋ ಎಡಕ್ಕೆ ಹಿಡಿಯುತ್ತೀರೋ ತಿಳಿಸುವುದು ಅತಿ ಮುಖ್ಯ. ಎಡಗೈ ಮುಂದಿರುವವರಿಗೆ ಕಿರುಬೆರಳಿನ ತೂತನ್ನು ಇನ್ನೊಂದು ಪಕ್ಕಕ್ಕೆ ಓರೆಯಾಗಿ ಸುಡಬೇಕಾಗುತ್ತದೆ. ಒಮ್ಮೆ ಸುಟ್ಟ ಮೇಲೆ ಹೇಳಿ ಪ್ರಯೋಜನವಿಲ್ಲ. ಎಲ್ಲವನ್ನೂ ಆ ಚೀಟಿಯಲ್ಲೇ ಬರೆದು ಒಂದು ಪ್ರತಿಯನ್ನು ಅವರಿಗೆ ಕೊಡಿ.

ಹಣದ ವಿಷಯದಲ್ಲೂ ನೇರವಾಗಿರಿ. ನಿಮ್ಮ ಕೈಯಳತೆಗೆ, ನಿಮ್ಮ ಶ್ರುತಿಗೆಂದು ಮಾಡಿದ ಕೊಳಲನ್ನು ನೀವು ಬೇಡವೆಂದರೆ ಮತ್ತೊಬ್ಬರು ಕೊಳ್ಳುವುದು ಅಪರೂಪ. ಮುಂಗಡ ಕೇಳಿದರೆ ಅದು ಅನುಮಾನವಲ್ಲ, ನ್ಯಾಯ. ಹಾಗೆಯೇ, ಹೇಳಿದ ಶ್ರುತಿ ಬರದಿದ್ದರೆ ಏನು ಮಾಡುವುದು ಎಂಬುದನ್ನು ನೀವು ಮೊದಲೇ ಕೇಳಿಟ್ಟುಕೊಳ್ಳುವುದೂ ನ್ಯಾಯವೇ. ಸಲಾಕೆ ಕಾಯಿಸಿದ ಮೇಲೆ ಒಂದೊಂದು ಬಿದಿರು ಸೀಳಿಹೋಗುತ್ತದೆ. ಆ ನಷ್ಟವೂ ನಿಮ್ಮ ಕೊಳಲಿನ ಬೆಲೆಯಲ್ಲಿ ಸೇರಿರುತ್ತದೆ ಎಂಬುದು ನೆನಪಿರಲಿ.

ಕೊಳಲು ಸಿದ್ಧವಾಯಿತು ಎಂದು ಹೇಳಿ ಕಳಿಸಿದರು. ಹೇಗೆ ಪರೀಕ್ಷಿಸುವುದು? ನಿಮಗೆ ಇಷ್ಟವಾದ ಹಾಡನ್ನು ಮೊದಲು ನುಡಿಸಬೇಡಿ. ಹಾಡಿನ ಮೋಹದಲ್ಲಿ ದೋಷ ಕೇಳಿಸುವುದಿಲ್ಲ. ಶ್ರುತಿ ಹಿಡಿದು ಷಡ್ಜವನ್ನು ದೀರ್ಘವಾಗಿ ಊದಿ. ತುಟಿಯನ್ನು ಹೊರಳಿಸದೆ, ಉಸಿರನ್ನು ಮಾತ್ರ ಬಿಗಿಮಾಡಿ ಮೇಲಿನ ಷಡ್ಜಕ್ಕೆ ಹೋಗಿ. ಎರಡೂ ಶ್ರುತಿಯಲ್ಲಿ ಕರಗಿದರೆ ಒಳಪೊಳ್ಳು ಸರಿಯಾಗಿದೆ ಎಂದರ್ಥ. ಮೇಲಿನದು ಕುಗ್ಗಿದರೋ ಹಿಗ್ಗಿದರೋ ಬಿರಡೆಯ ಜಾಗವನ್ನು ತಿದ್ದಬಹುದೇ ಎಂದು ಕೇಳಿ. ಆಮೇಲೆ ಪಂಚಮ, ಆಮೇಲೆ ಗಾಂಧಾರ.

ಶ್ರುತಿಗೆ ಏನು? ಮನೆಯಲ್ಲಿ ತಂಬೂರಿ ಇಲ್ಲದವರಿಗೆ ಎಲೆಕ್ಟ್ರಾನಿಕ್ ತಂಬೂರಿ ಉಂಟು. ಇದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಸಂಸ್ಥೆಯನ್ನು ಆರಂಭಿಸಿ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಸಂಗೀತಗಾರರ ಮನೆಮನೆಗೆ ತಲುಪಿಸಿದರು. ಬಿದಿರನ್ನು ಬದಲಿಸಲಾಗದವನೇ ಗುಂಡಿ ತಿರುಗಿಸಿದರೆ ಬದಲಾಗುವ ಶ್ರುತಿಯನ್ನು ಹುಡುಕಿದ್ದು ಆಶ್ಚರ್ಯವೇನಲ್ಲ! ಹೊರಗಿನ ತಾಪ ಏರಿ ನಿಮ್ಮ ಕೊಳಲು ತುಸು ಮೇಲೆ ನಿಂತರೆ, ಈಗ ಪೆಟ್ಟಿಗೆಯನ್ನೇ ಕೊಳಲಿಗೆ ಹೊಂದಿಸಬಹುದು.

ಮೊಬೈಲಿನಲ್ಲಿ ಸ್ವರ ಅಳೆಯುವ ಆ್ಯಪ್‌ಗಳೂ ಇವೆ. ಷಡ್ಜ ಪಂಚಮಗಳಿಗೆ ಅವು ಅನುಕೂಲವೇ. ಗಾಂಧಾರದ ವಿಷಯದಲ್ಲಿ ಮಾತ್ರ ಅವುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಷಡ್ಜ 240 ಕಂಪನವಾದರೆ, ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ 5ಕ್ಕೆ 4ರ ಪ್ರಮಾಣದ್ದು, ಅಂದರೆ ಸರಿಯಾಗಿ 300. ಅಂಥ ಆ್ಯಪ್‌ಗಳು ಸಾಮಾನ್ಯವಾಗಿ ಪಿಯಾನೋದ ಸಮಭಾಗದ ಲೆಕ್ಕವನ್ನು ಹಿಡಿಯುತ್ತವೆ. ಆ ಲೆಕ್ಕದಲ್ಲಿ ಅದು 302.4. ಮುಳ್ಳು ನಡುವೆ ನಿಂತರೂ ತಂಬೂರಿಯ ಜೊತೆ ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಅಲುಗಾಟ ಕೇಳಿಸುತ್ತದೆ. ಕೊಳಲು ಮಾಡುವವರೂ ನೀವೂ ಒಂದೇ ತಂಬೂರಿಯ ಎದುರು ಕುಳಿತು ಈ ಸ್ವರವನ್ನು ಒಪ್ಪಿಕೊಂಡರೆ ಮುಂದೆ ಜಗಳವಿಲ್ಲ.

ಮನೆಗೆ ತಂದ ಮೇಲೆ ಕೊಳಲಿನ ಶತ್ರು ಒಣಹವೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಬಿಟ್ಟರೆ ಒಂದೇ ಮಧ್ಯಾಹ್ನ ಸಾಕು. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ಸ್ ಸಿಟಿಯ ಕಚೇರಿಗಳಲ್ಲಿ ಕೆಲಸ ಮಾಡುವ ನಿಮ್ಮ ಅಣ್ಣನೋ ಅಕ್ಕನೋ ಸಂಜೆಯ ಪಾಠಕ್ಕೆಂದು ಕೊಳಲನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಾರೆ. ಹವಾನಿಯಂತ್ರಿತ ಕೊಠಡಿಯ ಒಣಗಾಳಿಯಲ್ಲಿ ದಿನವಿಡೀ ಇದ್ದ ಬಿದಿರಿನೊಳಕ್ಕೆ ಸಂಜೆ ಒಮ್ಮೆಲೇ ಬಿಸಿ, ತೇವದ ಉಸಿರು ನುಗ್ಗುತ್ತದೆ. ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ಬಿರುಕು ಬಿಡುವುದು ಹೀಗೆ. ದಪ್ಪ ಬಟ್ಟೆಯ ಚೀಲದಲ್ಲಿಡಿ, ಊದುವ ಮೊದಲು ಅಂಗೈಯಲ್ಲಿ ಉಜ್ಜಿ ಸ್ವಲ್ಪ ಬೆಚ್ಚಗೆ ಮಾಡಿ. ಊದಿ ಮುಗಿಸಿದ ಮೇಲೆ ಕಡ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿ ಒಳಗಿನ ತೇವವನ್ನು ಒರೆಸಿ. ಕೆಲವು ವಾರಗಳಿಗೊಮ್ಮೆ ಒಳಮೈಗೆ ತೆಳುವಾಗಿ ಎಣ್ಣೆ ಸವರಬೇಕು. ಯಾವ ಎಣ್ಣೆ ಎಂಬುದನ್ನು ಮಾಡಿದವರನ್ನೇ ಕೇಳಿ, ಏಕೆಂದರೆ ಅವರು ಮೊದಲು ಯಾವುದನ್ನು ಹಚ್ಚಿದ್ದಾರೋ ಅದಕ್ಕೆ ಹೊಂದುವುದು ಒಳ್ಳೆಯದು. ತೂತಿನ ಅಂಚಿಗೆ ಎಣ್ಣೆ ಗಟ್ಟಿಯಾಗಿ ಕೂರದಂತೆ ನೋಡಿಕೊಳ್ಳಿ. ಕೊಳಲಿನ ಮೇಲೆ ಅಲ್ಲಲ್ಲಿ ಸುತ್ತಿರುವ ಬಣ್ಣದ ದಾರ ಬರಿಯ ಅಲಂಕಾರವಲ್ಲ. ಸೀಳು ಮುಂದುವರಿಯದಂತೆ ಹಾಕಿದ ಕಟ್ಟು ಅದು, ಬಿಚ್ಚಬೇಡಿ.

ಇಷ್ಟಾದರೂ ಒಂದು ದಿನ ಕೆಳಗಿನ ಸ್ವರಗಳು ಇದ್ದಕ್ಕಿದ್ದಂತೆ ಸೊರಗಿದರೆ, ಮೇಲಿನವು ಸರಿಯಾಗಿಯೇ ಇದ್ದರೆ, ಎಲ್ಲೋ ಕೂದಲಿನಷ್ಟು ಬಿರುಕು ಬಿಟ್ಟಿದೆ ಎಂದು ತಿಳಿಯಿರಿ. ಬೆಳಕಿಗೆ ಹಿಡಿದು ತಿರುಗಿಸುತ್ತಾ ಹುಡುಕಿ. ಸಿಕ್ಕ ಅಂಟನ್ನು ಸುರಿಯಲು ಹೋಗದೆ, ಆ ದಿನವೇ ಬಿರುಕಿನ ಎರಡೂ ಬದಿಗೆ ದಾರದಿಂದ ಬಿಗಿಯಾಗಿ ಕಟ್ಟಿ, ಮಾಡಿದವರ ಬಳಿಗೆ ಒಯ್ಯಿರಿ. ಶ್ರುತಿಯನ್ನೂ ಕೈಯಳತೆಯನ್ನೂ ಬರೆದ ಆ ಚೀಟಿ ಜೊತೆಗಿರಲಿ. ಕೊಳಲು ಉಳಿಯದಿದ್ದರೆ ಇನ್ನೊಂದನ್ನು ಮಾಡಲು ಅವರಿಗೆ ಅದು ಬೇಕಾಗುತ್ತದೆ. ನಿಮ್ಮ ಕೈ ಈ ನಡುವೆ ಎಷ್ಟು ಬೆಳೆದಿದೆ ಎಂದು ಮತ್ತೊಮ್ಮೆ ಅಳೆಯಲೂ ಹೇಳಿ.